ಏಕವಾಗ್ಗೇಯಕಾರಪ್ರಸಾರ-ಶ್ರೋತೃಲಕ್ಷಣ-ಮೀಮಾಂಸೆ: ತೇರದಾಳ ಸೀಮೆಯನ್ನು ಅನುಲಕ್ಷಿಸಿ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬ ವಿಧಿಯುಂಟು. ಆ ವಿಧಿಗೆ ತಲೆಬಾಗಿ ಹೇಳುವುದಾದರೆ, ಬಾನುಲಿಯು ತನ್ನ ವೇಳೆಯನ್ನೆಲ್ಲ ಒಬ್ಬನೇ ವಾಗ್ಗೇಯಕಾರನಿಗೆ ಧಾರೆಯೆರೆದಾಗ ಶ್ರೋತೃಗಳ ಅಂತಃಕರಣದಲ್ಲಿಯೂ ಬಹಿಃಕರಣದಲ್ಲಿಯೂ ಉಂಟಾಗತಕ್ಕ ವಿಕಾರಗಳೇ ಈ ಪ್ರಬಂಧದ ವಿಷಯ. ಆ ವಿಕಾರಗಳಿಗೆ ಉದ್ದುದ್ದವಾದ ಹೆಸರುಗಳನ್ನಿಡುವುದೇ ಪ್ರಯೋಜನ. ಇಟ್ಟ ಹೆಸರಿಗೂ ಕಂಡ ವಿಕಾರಕ್ಕೂ ಏನೊಂದೂ ಸಂಬಂಧವಿಲ್ಲದಿರುವುದೇ ಸಂಬಂಧ. ಪ್ರವಾಸಭತ್ಯವನ್ನು ಮುಂಗಡವಾಗಿ ಪಡೆದು, ಭೋಜನಾನಂತರದ ಗೋಷ್ಠಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ರಿಸಬಲ್ಲವನೇ ಅಧಿಕಾರಿ.

ಇಂತಹ ಅಧಿಕಾರಿಗಳು ತುಂಬಿದ್ದ ಒಂದು ವಿಚಾರಸಂಕಿರಣದಲ್ಲಿ ಕುಳಿತೆದ್ದುದೇ ಈ ಗ್ರಂಥೋತ್ಪತ್ತಿಗೆ ಕಾರಣ. ಅಲ್ಲಿ ಒಬ್ಬ ವಿದ್ವಾಂಸರು, ಹಾಡು ಕೇಳುವ ಮನುಷ್ಯನನ್ನು ಒಂದು ಸಲವಾದರೂ ಮನುಷ್ಯನೆಂದು ಕರೆಯದೆ, ‘ಶ್ರವಣಾನುಸಂಧಾನದ ಬಹುಸ್ತರೀಯ ಗ್ರಾಹಕ ನೆಲೆ’ ಎಂದು ಕರೆಯುತ್ತ, ಆ ನೆಲೆಯನ್ನು ‘ಸಂಕಥನಾತ್ಮಕ ಆಯಾಮಗಳ ಹಿನ್ನೆಲೆಯಲ್ಲಿ’ ಗ್ರಹಿಸುತ್ತ, ಗ್ರಹಿಸಿದುದನ್ನು ಮತ್ತೆ ‘ಮರುಗ್ರಹಿಕೆ’ಗೆ ಒಡ್ಡುತ್ತ, ಗಂಟೆಯ ಮೇಲೆ ಕಾಲುಗಂಟೆ ಮಾತಾಡಿದರು. ಹಾಡಿನ ವಿಷಯ ಬರಲೇ ಇಲ್ಲ. ಆ ಭಾಷೆಯ ಬಲವೇನೆಂಬುದು ನನಗೆ ಅಂದು ಹೊಳೆಯಿತು. ಆದುದರಿಂದ ಅದನ್ನು ನಾನೂ ಯಥಾಶಕ್ತಿ ಪ್ರಯೋಗಿಸುತ್ತೇನೆ.

ಮೊದಲು ಪಾಶ್ಚಾತ್ಯ ಪೂರ್ವಪಕ್ಷ. ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯ ಮೂರನೆಯ ರೇಡಿಯೋ ವಾಹಿನಿಯು 2005ನೆಯ ಇಸವಿಯ ಜೂನ್ ತಿಂಗಳಲ್ಲಿ ಬೀಥೋವನ್ನನ ಕೃತಿಗಳನ್ನೆಲ್ಲ ಒಂದರ ಹಿಂದೊಂದಾಗಿ ನುಡಿಸಿ, ಅದರಿಂದ ಶ್ರೋತೃಗಳು ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ ಅದೇ ಡಿಸೆಂಬರಿನಲ್ಲಿ ಕ್ರಿಸ್ಮಸ್ ಹಬ್ಬದವರೆಗಿನ ಹತ್ತು ದಿನಗಳನ್ನು ಬಾಖನೊಬ್ಬನಿಗೇ ಬಿಟ್ಟುಕೊಟ್ಟಿತು. 2011ರಲ್ಲಿ ಹೊಸವರ್ಷದ ಮೊದಲ ಹನ್ನೆರಡು ದಿನಗಳನ್ನು ಮೊಟ್ಸಾರ್ಟನಿಗೆ ಸಮರ್ಪಿಸಿ, ಆತನು ಬರೆದ ಸ್ವರವೊಂದನ್ನೂ ಬಿಡುವುದಿಲ್ಲವೆಂದು ಪಣ ತೊಟ್ಟಿತು. ನಮ್ಮ ದೇಶದಲ್ಲಿ ಇಷ್ಟೊಂದು ಉದಾರವಾದ ಕ್ರೌರ್ಯವಿಲ್ಲ. ಪುಷ್ಯ ಬಹುಳ ಪಂಚಮಿಯ ಬೆಳಗ್ಗೆ ತಿರುವಯ್ಯಾರಿನ ಕಾವೇರೀತೀರದಿಂದ ತ್ಯಾಗರಾಜರ ಆರಾಧನೆಯು ಆಕಾಶವಾಣಿಯಲ್ಲಿ ನೇರವಾಗಿ ಬರುವುದು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಪಂಚರತ್ನವನ್ನು ನೂರಾರು ಕಂಠಗಳು ಒಮ್ಮೆಲೇ ಹಾಡುವುವು. ಹತ್ತು ದಿನ ಕಳೆದು ಅಮಾವಾಸ್ಯೆ ಬಂದರೆ ಪುರಂದರದಾಸರ ಸರದಿ. ಆದರೂ ಒಂದೂವರೆ ತಾಸಿನ ಪ್ರಸಾರವು ಅನುಭವದಲ್ಲಿ ಹನ್ನೆರಡು ದಿನಗಳಿಗೆ ಸಮವಾಗಬಲ್ಲುದೆಂಬುದನ್ನು ಮುಂದೆ ಸಾಧಿಸಲಾಗುವುದು.

ಇನ್ನು ಕ್ಷೇತ್ರನಿರ್ಣಯ. ಹನ್ನೆರಡನೆಯ ಶತಮಾನದಲ್ಲಿ ಮಾಂಡಲಿಕ ಗೊಂಕನು ನೇಮಿನಾಥನಿಗೆ ಬಸದಿಯನ್ನು ಕಟ್ಟಿಸಿ ಶಾಸನ ಬರೆಯಿಸಿದ ಊರು ತೇರದಾಳ. ಅಲ್ಲಮಪ್ರಭುವಿನ ಗುಡಿಯುಳ್ಳ ಊರು. 1948ರವರೆಗೆ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದು, ಅನಂತರ ಮುಂಬಯಿ ಪ್ರಾಂತವನ್ನೂ, 1956ರಲ್ಲಿ ಮೈಸೂರು ರಾಜ್ಯವನ್ನೂ, 1997ರಲ್ಲಿ ಬಾಗಲಕೋಟೆ ಜಿಲ್ಲೆಯನ್ನೂ, ತಾನು ಕೂತಲ್ಲಿಂದ ಕದಲದೆಯೇ ಪ್ರವೇಶಿಸಿದ ಊರು. ರಬಕವಿ-ಬನಹಟ್ಟಿಗಳ ಮಗ್ಗಗಳ ಸದ್ದು ಒಂದು ದಿಕ್ಕಿಗೆ, ಕಬ್ಬಿನ ಗಾಡಿಗಳ ಸದ್ದು ಇನ್ನೊಂದು ದಿಕ್ಕಿಗೆ. ಇಂತಹ ಊರಿನ ರೇಡಿಯೋ ಪೆಟ್ಟಿಗೆಯಲ್ಲಿ, 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರದ ಕನ್ನಡಕ್ಕೂ ಸಾಂಗಲಿ ಕೇಂದ್ರದ ಮರಾಠಿಗೂ ನಡುವೆ ಇರುವ ಅಂತರ ಮುಳ್ಳಿನ ಒಂದು ತಿರುವಿನಷ್ಟು. ಇಲ್ಲಿಯ ಕಿವಿಯು ಹಿಂದುಸ್ತಾನಿಗೆ ಒಗ್ಗಿದುದು. ದೂರವೇನಲ್ಲದ ಮಿರಜಿನಲ್ಲಿ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದರು. ಅಲ್ಲಿಯ ಕುಶಲಿಗಳು ತಂಬೂರಿಗಳನ್ನು ಇಂದಿಗೂ ಕಟ್ಟುತ್ತಾರೆ. ಹಿಂದುಸ್ತಾನಿಯ ಶ್ರೋತೃವು ಯಾರು ಹಾಡಿದರೆಂದು ಕೇಳುವನೇ ಹೊರತು ಯಾರು ಕಟ್ಟಿದರೆಂದು ಕೇಳುವ ಪದ್ಧತಿಯಿಲ್ಲ; ಸದಾರಂಗನು ತನ್ನ ಹೆಸರನ್ನು ಬಂದಿಶಿನೊಳಗೇ ನೇಯ್ದಿಟ್ಟು ಹೋದರೂ, ಕೇಳುವವನ ಬಾಯಲ್ಲಿ ಅದು ಮನ್ಸೂರರ ಹಾಡಾಗಿಯೇ ಉಳಿಯುವುದು. ಹೀಗೆ ವಾಗ್ಗೇಯಕಾರನೆಂಬ ಪದಾರ್ಥದ ಪ್ರತ್ಯಯವೇ ದುರ್ಬಲವಾಗಿರುವ ಕ್ಷೇತ್ರದಲ್ಲಿ ಏಕವಾಗ್ಗೇಯಕಾರಪ್ರಸಾರವು ಪ್ರಪತಿತವಾದಾಗ ಅಷ್ಟವಿಧ ಶ್ರೋತೃಗಳು ಆವಿರ್ಭವಿಸುತ್ತಾರೆ.

ಪ್ರಥಮನು ಶಂಕಾಕುಲಶ್ರೋತೃ. ಚಹದಂಗಡಿಯ ಕಟ್ಟೆಯೇ ಈತನ ಪೀಠ. ಚಿತ್ರಗೀತೆಯೂ ಪೇಟೆಯ ಧಾರಣೆಯೂ ಬರಬೇಕಾದ ಹೊತ್ತಿನಲ್ಲಿ ಒಂದೇ ಬಗೆಯ ಗಂಭೀರ ಸಂಗೀತ ನಿಲ್ಲದೆ ಹರಿಯತೊಡಗಿದರೆ ಈತನು ಕಪ್ಪನ್ನು ಬಸಿಯ ಮೇಲಿಟ್ಟು, ‘ಯಾಕೋ ತಮ್ಮಾ, ದಿಲ್ಲ್ಯಾಗ ಯಾರರ ತೀರಿಕೊಂಡ್ರೇನು?’ ಎಂದು ಕೇಳುವನು. ಇದನ್ನು ಅಜ್ಞಾನವೆಂದು ನಗಬಾರದು. ಇದು ಶುದ್ಧವಾದ ಅನುಮಾನಪ್ರಮಾಣ. 1964ರ ಮೇ 27ರಂದು ನೆಹರೂ ತೀರಿಕೊಂಡಾಗಲೂ, 1984ರ ಅಕ್ಟೋಬರ್ 31ರ ಅನಂತರವೂ ಬಾನುಲಿಯು ಉಳಿದೆಲ್ಲವನ್ನು ನಿಲ್ಲಿಸಿ ಶಾಸ್ತ್ರೀಯ ವಾದ್ಯಗಳನ್ನು ಶೋಕಕ್ಕೆ ಹಚ್ಚಿತು. ಹೊಗೆಯಿದ್ದಲ್ಲಿ ಬೆಂಕಿಯೆಂಬ ನ್ಯಾಯದಿಂದ, ಆಲಾಪವಿದ್ದಲ್ಲಿ ಮರಣವೆಂಬ ವ್ಯಾಪ್ತಿಜ್ಞಾನವನ್ನು ಈತನಿಗೆ ಕಲಿಸಿದ್ದು ಬಾನುಲಿಯೇ. ಸಂಗೀತಕ್ಕೂ ಸಾವಿಗೂ ಹೀಗೆ ಗಂಟುಹಾಕಿದವರು, ಮರುವರ್ಷ ಅದೇ ಸಂಗೀತವನ್ನು ಜನ ಆನಂದಿಸಲಿಲ್ಲವೆಂದು ಹಳಿದರೆ ಅದು ಯಾರ ತಪ್ಪು?

ದ್ವಿತೀಯನು ಬಾಷ್ಪಪರಿಪ್ಲುತಶ್ರೋತೃ. ಈತನು ಪ್ರಾಯಶಃ ನಿವೃತ್ತ ಶಿಕ್ಷಕ. ಮೊದಲ ರತ್ನ ಆರಂಭವಾಗುತ್ತಲೇ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕತೊಡಗುವನು. ತಾಳವು ರೇಡಿಯೋದ್ದಕ್ಕಿಂತ ಸ್ವಲ್ಪ ಮುಂದಿರುವುದು. ತೆಲುಗು ತನಗೆ ತಿಳಿಯದೆಂಬುದನ್ನು ಈತನು ಭಕ್ತಿಯ ಲಕ್ಷಣವನ್ನಾಗಿ ಪರಿವರ್ತಿಸಿಕೊಂಡಿರುವನು. ಈತನ ವಿಷಯದಲ್ಲಿ ಪರಿಹಾಸ ಮಾಡುವುದು ನನಗೆ ಸಾಧ್ಯವಾಗುತ್ತಿಲ್ಲ. ಏಕೆಂದರೆ ಕೊನೆಯ ಶ್ರೀರಾಗದ ಕೃತಿ ಬರುವ ಹೊತ್ತಿಗೆ, ಮಹಾನುಭಾವರೆಲ್ಲರಿಗೂ ವಂದನೆ ಸಲ್ಲುವ ಆ ಘಳಿಗೆಯಲ್ಲಿ, ನಾನೂ ಅದೇ ಪಂಗಡದವನಾಗಿರುತ್ತೇನೆ.

ತೃತೀಯನು ಲೇಖಾಪರೀಕ್ಷಕಶ್ರೋತೃ. ಈತನು ಆಂಗ್ಲದೇಶದಲ್ಲಿ ಹೆಚ್ಚು, ಇಲ್ಲಿ ವಿರಳ. ಮೊಟ್ಸಾರ್ಟನ ಕೃತಿಗಳಿಗೆ 1ರಿಂದ 626ರವರೆಗೆ ಅಂಕೆ ಬಿದ್ದಿರುವುದರಿಂದ, ಯಾವುದಾದರೊಂದು ಅಂಕೆ ತಪ್ಪಿತೋ ಎಂದು ಪೆನ್ಸಿಲು ಹಿಡಿದು ಕಾಯುವುದೇ ಈತನ ರಸಾಸ್ವಾದ. ಈತನನ್ನು ಇಲ್ಲಿ ಹೀಗೆ ಹಗುರವಾಗಿ ದಾಟಿಹೋಗುತ್ತಿದ್ದೇನೆ. ಮುಂದೆ ಈತನ ಕಾಲಿಗೆ ಬೀಳಬೇಕಾಗುವುದು.

ಚತುರ್ಥನು ಸೂಚೀಭ್ರಾಮಕಶ್ರೋತೃ, ಅರ್ಥಾತ್ ಮುಳ್ಳು ತಿರುಗಿಸುವವನು. ಈತನೇ ಚರಿತ್ರೆಯನ್ನು ಬದಲಾಯಿಸಿದವನು. 1952ರಲ್ಲಿ ಪ್ರಸಾರ ಖಾತೆಯ ಮಂತ್ರಿಗಳಾಗಿ ಬಂದ ಕೇಸ್ಕರರು ಚಿತ್ರಗೀತೆಗಳನ್ನು ಬಾನುಲಿಯಿಂದ ಹೊರಹಾಕಿ, ದೇಶಕ್ಕೆ ದೇಶವೇ ಶಾಸ್ತ್ರೀಯ ಸಂಗೀತವನ್ನು ಕೇಳಿ ಉದ್ಧಾರವಾಗತಕ್ಕದ್ದೆಂದು ನಿಶ್ಚಯಿಸಿದರು. ಶ್ರೋತೃಗಳು ಮನವಿಪತ್ರ ಬರೆಯಲಿಲ್ಲ. ಸಭೆ ಸೇರಿ ಠರಾವು ಮಾಡಲಿಲ್ಲ. ಎರಡು ಬೆರಳಿನಿಂದ ಗುಂಡಿಯನ್ನು ತಿರುಗಿಸಿ ಸಮುದ್ರದಾಚೆಯ ರೇಡಿಯೋ ಸಿಲೋನಿಗೆ ಹೋದರು. ಅದೇ ವರ್ಷ ಆರಂಭವಾದ ಬಿನಾಕಾ ಗೀತಮಾಲೆಯನ್ನು ಅಮೀನ್ ಸಾಯಾನಿಯವರ ಕಂಠದಲ್ಲಿ ಕೇಳುತ್ತ ಕುಳಿತರು. ಐದು ವರ್ಷಗಳ ಮೇಲೆ, 1957ರ ಅಕ್ಟೋಬರಿನಲ್ಲಿ, ಸರಕಾರವು ವಿವಿಧ ಭಾರತಿಯನ್ನು ತೆರೆದು ಅವರ ಹಿಂದೆಯೇ ನಡೆಯಬೇಕಾಯಿತು. ಇಷ್ಟು ಸ್ಪಷ್ಟವಾದ ಲೋಕಾಭಿಪ್ರಾಯವನ್ನು, ನಾನು ಕೇಳಿದ ವಿದ್ವಾಂಸರು ‘ಗ್ರಾಹಕನೆಲೆಯ ಪಲ್ಲಟ’ ಎಂದರು. ‘ಮುಳ್ಳ ತಿರವೋ ಮಾರಾಯಾ’ ಎಂದು ಮಗ್ಗದ ಮನೆಯಿಂದ ಕೂಗಿದವನಿಗೆ ತಾನು ಪಲ್ಲಟಗೊಂಡೆನೆಂಬುದು ತಿಳಿಯಲೇ ಇಲ್ಲ.

ಪಂಚಮ, ಷಷ್ಠ, ಸಪ್ತಮ, ಅಷ್ಟಮ ಶ್ರೋತೃಗಳಿಗೂ ನಾನು ಹೆಸರಿಟ್ಟಿದ್ದೆ. ಅವುಗಳಲ್ಲೊಂದು ಒಂದು ಸಾಲನ್ನು ಮೀರಿ ಮುಂದಿನ ಸಾಲಿಗೆ ಕೈಚಾಚಿತ್ತು. ಆದರೆ ವರ್ಗೀಕರಣದ ಉತ್ಸಾಹವೇ ಆರಿಹೋಗಿದೆ. ಸಾವಿರ ಜನರನ್ನು ಎಂಟು ಡಬ್ಬಿಗಳಲ್ಲಿ ತುಂಬಿ ಮುಚ್ಚಳ ಹಾಕುವುದು ಅಂಗಡಿಯವನ ಕೆಲಸ. ಅದನ್ನು ವಿದ್ವತ್ತೆಂದು ಕರೆದು ಶಾಲು ಹೊದಿಸಿಕೊಳ್ಳುವವರನ್ನು ಅಣಕಿಸುತ್ತ ನಾನೂ ಡಬ್ಬಿಗಳನ್ನೇ ಜೋಡಿಸುತ್ತಿದ್ದೇನೆ. ಸಾಕು.

ನನ್ನ ಸಿಟ್ಟು ಬಾಖನ ಮೇಲಿಲ್ಲ, ತ್ಯಾಗರಾಜರ ಮೇಲಂತೂ ಇಲ್ಲವೇ ಇಲ್ಲ. ಬಾಖನನ್ನು ಹತ್ತು ದಿನ ಕೇಳಿ ಬೇಸತ್ತ ಆಂಗ್ಲ ಶ್ರೋತೃವಿನ ಮೇಲೆ ನನಗಿರುವುದು ಮತ್ಸರ. ಹೊಟ್ಟೆಕಿಚ್ಚೆಂದೇ ಬರೆಯುತ್ತೇನೆ. ತನ್ನ ನಾಡಿನ ಗಾಳಿಯಲ್ಲಿ ಒಬ್ಬ ಕೃತಿಕಾರನು ಅತಿಯಾದನೆಂದು ಗೊಣಗುವುದಕ್ಕೆ ಎಷ್ಟು ಸಂಪತ್ತಿರಬೇಕು! ನಮ್ಮ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವುಂಟು. ಅಪರಾಳ ತಮ್ಮಣ್ಣನು ಮೊದಲು ಕಟ್ಟಿ, ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿದನೆಂದು ಬಲ್ಲವರು ಹೇಳುವ ಆ ಆಟದ ಪದಗಳನ್ನು ಮುಧೋಳ, ಬೀಳಗಿ, ಜಮಖಂಡಿಗಳ ಹಳ್ಳಿಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಜನ ಕೇಳಿದ್ದಾರೆ. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯ ಹೆಸರನ್ನು ಇಂದಿಗೂ ಹೇಳುತ್ತಾರೆ. ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಮುನಿಯುವುದೇ ಅದರ ಕಥೆ. ಆ ಮುನಿಸನ್ನು ಇಡೀ ರಾತ್ರಿ ಕಣ್ಣರೆಪ್ಪೆ ಮುಚ್ಚದೆ ನೋಡುವ ಜನರಿಗೆ, ತಮ್ಮ ತಮ್ಮಣ್ಣನಿಗೆ ಹೂವಿನ ಒಂದು ಎಸಳೂ ಬಾನುಲಿಯಿಂದ ಬೀಳಲಿಲ್ಲವೆಂದು ಮುನಿಯಲು ಹೊಳೆಯದೆ ಹೋಯಿತಲ್ಲ! ಅರ್ಧ ತಾಸಿನ ಜಾನಪದವೆಂಬ ಕಂತಿನಲ್ಲಿ ಅದರ ಒಂದೆರಡು ಪದ ಬಂದಿರಬಹುದು. ಅಲ್ಲಿ ಕರ್ತೃವಿನ ಹೆಸರನ್ನು ಹೇಳುವ ವಾಡಿಕೆಯಿಲ್ಲ. ಜನಪದರು ಕಟ್ಟಿದ್ದೆಂದರೆ ಮುಗಿಯಿತು. ತಿರುವಯ್ಯಾರಿನಲ್ಲಿ ಕಟ್ಟಿದವನಿಗೆ ಹೆಸರುಂಟು, ಕುಲಗೋಡಿನಲ್ಲಿ ಕಟ್ಟಿದವನು ಬರಿಯ ಜನಪದ. 1940ರಿಂದ ಸುಮಾರು ಮೂರು ದಶಕಗಳ ಕಾಲ ಹಾರ್ಮೋನಿಯಮ್ಮೇ ಬಾನುಲಿಗೆ ಅಸ್ಪೃಶ್ಯವಾಗಿತ್ತು. ಹಾರ್ಮೋನಿಯಮ್ಮಿನ ಆಸರೆಯಲ್ಲೇ ಬಾಯಿ ತೆರೆಯುವ ನಮ್ಮ ಮೇಳಗಳು ಯಾವ ಬಾಗಿಲಿನಿಂದ ಒಳಗೆ ಹೋಗಬೇಕಾಗಿತ್ತು?

ಇನ್ನೊಂದು ಮಾತನ್ನು ನಮ್ಮ ಕಡೆಗೇ ತಿರುಗಿಸಿ ಹೇಳಬೇಕು. ಮೊಟ್ಸಾರ್ಟನನ್ನು ಹನ್ನೆರಡು ದಿನ ನುಡಿಸುವುದು ಸಾಧ್ಯವಾದುದು ಬಾನುಲಿಯ ಭಕ್ತಿಯಿಂದಲ್ಲ. ಕಾನೂನನ್ನು ಓದಿ, ಸಸ್ಯಗಳನ್ನೂ ಖನಿಜಗಳನ್ನೂ ಬೆನ್ನಟ್ಟುತ್ತಿದ್ದ ಕ್ಯೋಖೆಲನೆಂಬ ಗೃಹಸ್ಥನು 1862ರಲ್ಲಿ ಆ ಕೃತಿಗಳನ್ನೆಲ್ಲ ಕಲೆಹಾಕಿ ಅಂಕೆಯಿಟ್ಟು ಪಟ್ಟಿಯನ್ನು ಅಚ್ಚುಹಾಕಿಸಿದುದರಿಂದ. ಬಾಖನ ಕೃತಿಗಳಿಗೆ ಷ್ಮೀಡರನು ಅಂತಹ ಪಟ್ಟಿಯನ್ನು ಪ್ರಕಟಿಸಿದುದು 1950ರಲ್ಲಿ, ನಮ್ಮ ಧಾರವಾಡ ಕೇಂದ್ರ ಹುಟ್ಟಿದ ವರ್ಷವೇ. ತ್ಯಾಗರಾಜರ ಸುಮಾರು 700 ಕೃತಿಗಳು ನಮಗೆ ಉಳಿದುದು ಶಿಷ್ಯರು ಓಲೆಯಲ್ಲಿಯೂ ಕಾಗದದಲ್ಲಿಯೂ ಬರೆದಿಟ್ಟುಕೊಂಡುದರಿಂದ. ಪೆನ್ಸಿಲು ಹಿಡಿದ ಆ ಲೇಖಾಪರೀಕ್ಷಕನನ್ನು ನಾನು ಮೇಲೆ ನಕ್ಕು ದಾಟಿಬಂದೆ; ಅಂತಹವನೊಬ್ಬನು ತೇರದಾಳದಿಂದ ಲೋಕಾಪುರದವರೆಗೆ ಸೈಕಲ್ಲಿನ ಮೇಲೆ ತಿರುಗಿ, ಮೇಳಗಳ ಭಾಗವತರ ಎದುರಿಗೆ ಕುಳಿತು, ಪಾರಿಜಾತದ ಪದಗಳಿಗೆ ಮಟ್ಟು ಸಹಿತ ಅಂಕೆ ಹಾಕಿದ್ದರೆ ಏನಾಗುತ್ತಿತ್ತು! ನಾವು ವಿಚಾರಸಂಕಿರಣ ಮಾಡಿದೆವು. ಶ್ರವಣಾನುಸಂಧಾನಕ್ಕೆ ಆಯಾಮಗಳನ್ನು ಎಣಿಸಿದೆವು. ಹಾಡುವವರು ಮುದುಕರಾದರು.

ಈಗಲೂ ಯಾರಾದರೊಬ್ಬರು ಮನಸ್ಸು ಮಾಡಿ, ಮಟ್ಟುಗಳನ್ನು ಕೂಡಿಸಿ, ಹಾಡುವವರನ್ನು ಕರೆಸಿ, ಹತ್ತು ದಿನ ಬೇಡ, ಮೂರು ದಿನ ಹಗಲೂ ರಾತ್ರಿ ಒಂದೇ ಸವನೆ ಕುಲಗೋಡ ತಮ್ಮಣ್ಣನನ್ನೇ ಹಚ್ಚಿಬಿಡಲಿ. ಮೊದಲ ದಿನ ಚಹದಂಗಡಿಯಲ್ಲಿ ದಿಲ್ಲಿಯ ಸಾವನ್ನು ವಿಚಾರಿಸುವರು; ಎರಡನೆಯ ದಿನ ನಿವೃತ್ತ ಶಿಕ್ಷಕರು ತೊಡೆಯ ಮೇಲೆ ತಾಳ ಹಾಕುವರು; ಮೂರನೆಯ ದಿನದ ಮಧ್ಯಾಹ್ನ ಬನಹಟ್ಟಿಯ ಮಗ್ಗದ ಮನೆಯಿಂದ ಯಾರೋ ಒಬ್ಬರು, ಆ ತಮ್ಮಣ್ಣನ್ನ ಸಾಕಮಾಡ್ರೋ, ತಲಿ ಚಿಟ್ ಹಿಡದೈತಿ ಎಂದು ಸಿಟ್ಟಿನಿಂದ ಪತ್ರ ಬರೆಯುವರು. ಆ ಪತ್ರದ ಅಂಚೆಯ ಖರ್ಚನ್ನು ನಾನು ಕೊಡುತ್ತೇನೆ.