ಶಾಂಭವಿ ದಾಟಿದರೆ ವಿದೇಶ

ಆಫ್ರಿಕಾದ ವಿಕ್ಟೋರಿಯಾ ಜಲಪಾತದ ಬಳಿ ಜಾಂಬೆಜಿ ನದಿಗೆ 1905ರಲ್ಲಿ ಕಟ್ಟಿದ ಸೇತುವೆ ದಾಟಿದರೆ ದೇಶವೇ ಬದಲು. ಈಚೆ ಜಿಂಬಾಬ್ವೆ, ಆಚೆ ಜಾಂಬಿಯಾ. ನಮ್ಮ ಶಾಂಭವಿಯೇನು ಕಡಿಮೆಯೇ? ಆಚೆ ಮೂಲ್ಕಿ, ದಕ್ಷಿಣ ಕನ್ನಡ. ಈಚೆ ಹೆಜಮಾಡಿ, ಉಡುಪಿ. ವೀಸಾ ಬೇಡ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದ್ದರೆ ಸಾಕು. 2020ರ ಲಾಕ್‌ಡೌನಿನಲ್ಲಿ ಮಾತ್ರ ಮೂಲ್ಕಿಯ ನೆಂಟರೂ ಪರದೇಶಿಗಳಾಗಿದ್ದರು. ಪಡುಬಿದ್ರಿ ಬೀಚಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದ್ದೂ ಅದೇ ವರ್ಷ. ಮದುಮಗಳು ಸಿದ್ಧ, ದಿಬ್ಬಣವೇ ಇಲ್ಲ! ಈಗ ನೋಡಿ, ಶನಿವಾರ ಬಂತೆಂದರೆ ಟೋಲ್‌ಗೇಟಿನಲ್ಲಿ ಕೇರಳ, ಮಹಾರಾಷ್ಟ್ರದ ಕಾರುಗಳ ಸಾಲು. ಕಾಪು ದೀಪಸ್ತಂಭಕ್ಕೆ ದಾರಿ ಕೇಳಿದ ಒಬ್ಬರು ಹಾಗೇ ವಿಚಾರಿಸಿದರು: "ಇಲ್ಲಿ ಜಲಪಾತ ಉಂಟಾ?"

"ಜುಲೈಯಲ್ಲಿ ಬನ್ನಿ ಮಾರಾಯ್ರೆ, ಹೆದ್ದಾರಿಯಲ್ಲೇ ತೋರಿಸುತ್ತೇವೆ!"