ತಗ್ಗಣ್ಣನ ನಿಧಾನಗತಿ

ಕಾರನ್ನು ನೆಲಕ್ಕೆ ತಗ್ಗಿಸಿದ ಹುಡುಗನನ್ನು ಕಂಡರೆ ಊರ ಹಿರಿಯರು ಹೇಳುವುದು ಒಂದೇ ಮಾತು: ‘ಇವನು ಇವತ್ತಲ್ಲ ನಾಳೆ ಸ್ಪೀಡಲ್ಲಿ ಹೋಗಿ ಕಣಿವೆಗೆ ಬೀಳ್ತಾನೆ, ನೋಡ್ತಿರಿ.’ ಇದು ತೀರಾ ಅನ್ಯಾಯದ ಮಾತು. ಗೂಡಲೂರಿನಿಂದ ದೇವಾಲ, ಪಂದಲೂರು ದಾಟಿ ಚೇರಂಬಾಡಿಗೆ ಬರುವ ರಸ್ತೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುವವನೇ ಇವನು. ಹಸಿ ಟೀ ಎಲೆ ತುಂಬಿದ ಲಾರಿ ಇವನನ್ನು ದಾಟುತ್ತದೆ, ಆಟೋ ದಾಟುತ್ತದೆ, ಎಸ್ಟೇಟಿನ ಹಳೇ ಜೀಪಂತೂ ಹಾರ್ನ್ ಕೂಡ ಮಾಡದೆ ದಾಟುತ್ತದೆ. ಇವನಿಗೆ ಹೆಸರು ಬೇಕೆಂದರೆ ತಗ್ಗಣ್ಣ ಎನ್ನೋಣ; ಚೇರಂಬಾಡಿಯಲ್ಲಿ ಒಬ್ಬನಿದ್ದರೆ ಸುಲ್ತಾನ್ ಬತ್ತೇರಿಯಲ್ಲಿ ನಾಲ್ವರಿದ್ದಾರೆ, ಮೈಸೂರಿನಲ್ಲಿ ಬೀದಿಗೊಬ್ಬ. ನನ್ನ ವಾದ ಇಷ್ಟೇ: ತಗ್ಗಣ್ಣ ವೇಗದ ಭಕ್ತನಲ್ಲ, ನಿಲುಗಡೆಯ ಭಕ್ತ. ಅವನು ಕಾರಿಗೆ ಮಾಡಿಸುವ ಪ್ರತಿಯೊಂದು ಕೆಲಸವೂ ಅದು ನಿಂತಾಗ ಹೇಗೆ ಕಾಣುತ್ತದೆ ಎಂಬುದಕ್ಕಾಗಿಯೇ ಹೊರತು ಹೇಗೆ ಓಡುತ್ತದೆ ಎಂಬುದಕ್ಕಲ್ಲ.

ಮೊದಲ ಸಾಕ್ಷಿ ಅವನ ಅಳತೆಗೋಲು. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗವನ್ನು ಅವನು ಇಂಚಿನಲ್ಲಿ ಅಳೆಯುವುದಿಲ್ಲ, ಬೆರಳಿನಲ್ಲಿ ಅಳೆಯುತ್ತಾನೆ. ಕಂಪನಿಯಿಂದ ಬಂದ ಕಾರಿನಲ್ಲಿ ಆ ಸಂದಿಯೊಳಗೆ ಅಂಗೈ ಮಡಚಿ ಇಡಬಹುದು. ಅದು ಅವನಿಗೆ ಅವಮಾನ. ನಾಲ್ಕು ಬೆರಳಾದರೆ ಪರವಾಗಿಲ್ಲ, ಎರಡಾದರೆ ತೃಪ್ತಿ, ಬೆರಳೇ ಹೋಗದಿದ್ದರೆ ಮೋಕ್ಷ. ಕಾರು ಲಾಕ್ ಮಾಡಿ ಹತ್ತು ಹೆಜ್ಜೆ ನಡೆದವನು ತಿರುಗಿ ನೋಡಿಯೇ ನೋಡುತ್ತಾನೆ. ಪೇಟೆಯಲ್ಲಿ ನಿಲ್ಲಿಸುವಾಗ ಮುಂದಿನ ಗಾಲಿಗಳನ್ನು ಬೇಕೆಂದೇ ಒಂದು ಬದಿಗೆ ತಿರುಗಿಸಿಡುತ್ತಾನೆ, ಅಲಾಯ್ ಚೆನ್ನಾಗಿ ಕಾಣಲಿ ಎಂದು. ಓಡುವಾಗ ಅಲಾಯ್‌ನ ವಿನ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ಎಂದರೆ ಆ ಖರ್ಚೆಲ್ಲ ನಿಂತ ಗಾಲಿಗೆ ಮಾಡಿದ್ದು.

ಎರಡನೆಯ ಸಾಕ್ಷಿ ಟೈರಿನ ಲೆಕ್ಕ. ಸ್ವಿಫ್ಟ್‌ನಂಥ ಕಾರಿಗೆ 185/65 ಆರ್15 ಟೈರು ಎಂದಿಟ್ಟುಕೊಳ್ಳಿ. ಅದರ ಪಕ್ಕದ ಗೋಡೆ 120 ಮಿ.ಮೀ. ಎತ್ತರ, ಇಡೀ ಗಾಲಿಯ ವ್ಯಾಸ ಸುಮಾರು 621 ಮಿ.ಮೀ. ಒಂದು ಇಂಚು ದೊಡ್ಡ ಅಲಾಯ್ ಹಾಕಿ 195/55 ಆರ್16 ಟೈರು ಕೂರಿಸಿದರೆ ವ್ಯಾಸದಲ್ಲಿ ಅರ್ಧ ಮಿಲಿಮೀಟರಿನಷ್ಟೇ ವ್ಯತ್ಯಾಸ. ಟೈರಂಗಡಿಯವನು ತಿಳಿದವನಾದರೆ ಅದನ್ನೇ ಹೇಳುತ್ತಾನೆ. ತಗ್ಗಣ್ಣನಿಗೆ ಅದು ರುಚಿಸದು. ಅವನಿಗೆ ಬೇಕಾದದ್ದು 205/40 ಆರ್17. ಅದರ ಪಕ್ಕದ ಗೋಡೆ 82 ಮಿ.ಮೀ., ವ್ಯಾಸ 596ರ ಆಸುಪಾಸು. ಅಂದರೆ ಸ್ಪ್ರಿಂಗ್ ಮುಟ್ಟುವ ಮೊದಲೇ ಕಾರು ಹದಿಮೂರು ಮಿಲಿಮೀಟರ್ ಕುಸಿಯಿತು, ಗುಂಡಿಯ ಏಟು ತಡೆಯುವ ರಬ್ಬರಿನಲ್ಲಿ ಮೂರನೇ ಒಂದು ಭಾಗ ಹೋಯಿತು. ಹೊರೆಯ ಅಂಕಿಯೂ ಇಳಿಯಿತು: ಹಳೆಯ ಟೈರಿನ 88 ಎಂದರೆ ಒಂದೊಂದು ಗಾಲಿಗೆ 560 ಕಿಲೋ, ಹೊಸದರಲ್ಲಿ ಸಾಮಾನ್ಯವಾಗಿ 84, ಅಂದರೆ 500 ಕಿಲೋ. ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ಗಾಲಿ ಚಿಕ್ಕದಾದ್ದರಿಂದ ಅದು ಹೆಚ್ಚು ಸುತ್ತು ತಿರುಗುತ್ತದೆ, ಸ್ಪೀಡೋಮೀಟರ್ ನೂರಕ್ಕೆ ನಾಲ್ಕರಷ್ಟು ಹೆಚ್ಚು ತೋರಿಸುತ್ತದೆ. ತಗ್ಗಣ್ಣನ ಪಾಲಿಗೆ ಬಂದ ವೇಗ ಅದೊಂದೇ, ಅದೂ ಗಾಜಿನ ಒಳಗೆ.

ಇನ್ನು ಅಂಗಡಿಯಲ್ಲಿ ನಡೆಯುವ ಮಾತು. ‘ಅಣ್ಣಾ, ಉಜ್ಜುತ್ತಾ?’ ಎಂದು ಇವನು, ‘ಖಾಲಿ ಗಾಡಿಗೆ ಉಜ್ಜಲ್ಲ ತಮ್ಮಾ’ ಎಂದು ಅಂಗಡಿಯವನು. ಆ ಉತ್ತರದಲ್ಲಿ ಇಡೀ ಶಾಸ್ತ್ರವಿದೆ. ತಗ್ಗಣ್ಣ ಕೇಳಿಸಿಕೊಳ್ಳುವುದು ಕೊನೆಯ ಅರ್ಧವನ್ನು ಮಾತ್ರ. ಟೈರು ಉಜ್ಜುವುದು ಹೇಗೆಂದು ನೋಡಿ. ಗಾಲಿಯನ್ನು ಹಬ್‌ಗೆ ಬಿಗಿಯುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಕ್ಕಿದೆ ಎಂಬುದೇ ಆಫ್‌ಸೆಟ್. 45 ಇದ್ದದ್ದನ್ನು 35ಕ್ಕೆ ಇಳಿಸಿದರೆ ಗಾಲಿ ಹತ್ತು ಮಿ.ಮೀ. ಹೊರಗೆ ಬರುತ್ತದೆ. ಜೊತೆಗೆ ಆರು ಇಂಚಿನ ರಿಮ್ ಬಿಟ್ಟು ಏಳಿಂಚಿನದು ಹಾಕಿದರೆ ಪ್ರತಿ ಬದಿಗೂ ಇನ್ನೊಂದು ಹನ್ನೆರಡೂವರೆ. ಎರಡೂ ಸೇರಿದರೆ ಹೊರ ಅಂಚು ಹೆಚ್ಚುಕಡಿಮೆ ಇಪ್ಪತ್ತಮೂರು ಮಿ.ಮೀ. ಆಚೆ ಬಂದು, ಕಾರು ಕುಸಿದಾಗಲೆಲ್ಲ ಮಡ್‌ಗಾರ್ಡಿನ ತುಟಿಗೆ ಟೈರು ತಾಗುತ್ತದೆ. ಆಗ ಆ ತುಟಿಯನ್ನು ಒಳಕ್ಕೆ ಮಡಚಿಸುವ ಖರ್ಚು. ಮಡಚಿದರೂ ಸಾಲದಾದರೆ ಗಾಲಿಯ ತಲೆಯನ್ನು ಒಳಕ್ಕೆ ವಾಲಿಸುವುದು. ವಾಲಿಸಿದ ಮೇಲೆ ಟೈರಿನ ಒಳಅಂಚು ಕೆಲವೇ ತಿಂಗಳಲ್ಲಿ ಬೋಳು. ಹೊರಗಿನಿಂದ ನೋಡಿದರೆ ಟೈರು ಹೊಸದು, ಒಳಗಿನಿಂದ ತಂತಿ ಕಾಣುತ್ತದೆ. ನಿಂತು ನೋಡುವವರಿಗೆ ಕಾಣುವುದು ಹೊರಗಿನ ಭಾಗವೇ ತಾನೆ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಇದಕ್ಕೆ ತಗ್ಗಣ್ಣನ ಕಡೆಯವರು ಎತ್ತುವ ಆಕ್ಷೇಪ ಗೊತ್ತಿದ್ದದ್ದೇ: ರೇಸ್ ಕಾರುಗಳೆಲ್ಲ ತಗ್ಗಾಗಿಯೇ ಇರುತ್ತವಲ್ಲ, ತಗ್ಗಿದರೆ ತಿರುವಿನಲ್ಲಿ ಕಾರು ವಾಲುವುದಿಲ್ಲವಲ್ಲ? ನಿಜ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಅದು ಪೂರ್ತಿ ನಿಜ. ಆದರೆ ಅಲ್ಲಿ ಸ್ಪ್ರಿಂಗ್ ಗಿಡ್ಡವಾದಷ್ಟೂ ಬಿಗಿಯಾಗಿರುತ್ತದೆ, ಶಾಕ್ ಅಬ್ಸಾರ್ಬರ್ ಅದಕ್ಕೆ ಜೋಡಿಯಾಗಿರುತ್ತದೆ, ರಸ್ತೆ ನುಣುಪಾಗಿರುತ್ತದೆ. ಇಲ್ಲಿ ಕೈಯಲ್ಲಿ ಕಾಸಿಲ್ಲದ ತಗ್ಗಣ್ಣ ಹಳೆಯ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿರುತ್ತಾನೆ. ತಿರುವಿನ ನಡುವೆ ಗುಂಡಿ ಸಿಕ್ಕಿ ಸ್ಪ್ರಿಂಗ್ ಪೂರ್ತಿ ಕುಸಿದು ಬಂಪ್ ಸ್ಟಾಪಿಗೆ ಬಡಿದರೆ ಟೈರಿನ ಹಿಡಿತ ಹೋಗುವುದು ಆ ಕ್ಷಣದಲ್ಲೇ. ಜೂನ್‌ನಿಂದ ಶುರುವಾಗುವ ಮಳೆ ದೇವಾಲ, ಪಂದಲೂರಿನ ಟಾರನ್ನು ಯಾವ ಗತಿಗೆ ತರುತ್ತದೆಂಬುದು ಗೊತ್ತಿದ್ದವರು ರೇಸ್ ಟ್ರ್ಯಾಕಿನ ಮಾತು ಎತ್ತಲಾರರು. ತಗ್ಗಿಸುವ ಚಟ ಹುಟ್ಟಿದ್ದಾದರೂ ರೇಸಿನಿಂದಲ್ಲ. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಹುಡುಗರು 1940ರ ದಶಕದಲ್ಲೇ ಡಿಕ್ಕಿಯಲ್ಲಿ ಮರಳಿನ ಚೀಲ ಪೇರಿಸಿ ಕಾರು ಕುಸಿಸುತ್ತಿದ್ದರು. ಉದ್ದೇಶ ಓಣಿಯಲ್ಲಿ ಆದಷ್ಟೂ ಮೆಲ್ಲಗೆ ಸಾಗಿ ಎಲ್ಲರ ಕಣ್ಣಿಗೆ ಬೀಳುವುದು. ಕ್ಯಾಲಿಫೋರ್ನಿಯಾ ಸರ್ಕಾರ 1958ರಲ್ಲಿ ಇದಕ್ಕೆ ಕಾನೂನಿನ ತಡೆ ಹಾಕಿತು, ಅದು ಪೂರ್ತಿ ತೆರವಾದದ್ದು ಮೊನ್ನೆಮೊನ್ನೆ, 2024ಕ್ಕೆ. ಮರಳು ಹೊತ್ತ ಕಾರಿನಲ್ಲಿ ಯಾರಾದರೂ ರೇಸಿಗೆ ಹೋದಾರೆಯೆ?

ಹಂಪು ಬಂದಾಗಲಂತೂ ವಾದಕ್ಕೆ ಬೇರೆ ಸಾಕ್ಷಿಯೇ ಬೇಡ. ಕಾರು ನಿಲ್ಲುತ್ತದೆ. ಹಿಂದಿನ ಸೀಟಿನ ಮೂವರು ಇಳಿಯುತ್ತಾರೆ. ಒಬ್ಬ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಫೋನಿನ ಟಾರ್ಚ್ ಬಿಟ್ಟು, ಕಾರಿನ ಹೊಟ್ಟೆಯನ್ನೇ ದಿಟ್ಟಿಸುತ್ತಾನೆ. ಕಾರು ಅಡ್ಡಡ್ಡ ತಿರುಗಿ ಒಂದೊಂದೇ ಗಾಲಿ ಏರಿಸುತ್ತದೆ. ‘ಬಾ ಬಾ... ಇನ್ನೊಂಚೂರು... ನಿಲ್ಸು ಮಚ್ಚಾ!’ ಹಿಂದೆ ಬಸ್ಸಿನ ಹಾರ್ನ್. ಇದರಲ್ಲಿ ನಗುವಂಥದ್ದು ಏನಿದೆಯೋ ಇರಲಿ, ತಪ್ಪು ಮಾತ್ರ ತಗ್ಗಣ್ಣನದೊಂದೇ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಹದಿನೇಳು ಮೀಟರ್ ತ್ರಿಜ್ಯದ ಬಾಗು. ಸ್ವಿಫ್ಟ್‌ನ ಮುಂದಿನ, ಹಿಂದಿನ ಗಾಲಿಗಳ ನಡುವೆ ಇರುವುದು 2.45 ಮೀಟರ್. ಅಂಥ ಹಂಪಿನ ಮೇಲೆ ನಾಲ್ಕೂ ಗಾಲಿ ಒಟ್ಟಿಗೆ ಏರಿ ನಿಲ್ಲುತ್ತವೆ. ಗಾಲಿಗಳ ಮಟ್ಟಕ್ಕಿಂತ ಹಂಪಿನ ನೆತ್ತಿ ಮೇಲಿರುವುದು ನಾಲ್ಕೂವರೆ ಸೆಂ.ಮೀ. ಕೂಡ ಇಲ್ಲ. ಕಂಪನಿ ಹೇಳುವ 163 ಮಿ.ಮೀ. ಎತ್ತರದಲ್ಲಿ ನಲವತ್ತು ತಗ್ಗಿಸಿದರೂ 123 ಉಳಿಯುತ್ತದೆ, ಕಾರು ಆರಾಮವಾಗಿ ದಾಟುತ್ತದೆ. ಆದರೆ ಊರಿನವರೇ ಒಂದು ರಾತ್ರಿ ಸಿಮೆಂಟು ಸುರಿದು ಕಟ್ಟುವ, ಅಷ್ಟೇ ಎತ್ತರದ ಆದರೆ ಅಗಲವಿಲ್ಲದ ಹಂಪು ಎರಡು ಗಾಲಿಗಳ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಅಲ್ಲಿ ಉಳಿಯುವುದು ಇಪ್ಪತ್ತಮೂರು ಮಿ.ಮೀ., ಅದೂ ಯಾರೂ ಕೂರದಿದ್ದರೆ. ಆಯಿಲ್ ಚೇಂಬರ್ ಒಡೆಯುವುದು ಇಲ್ಲೇ. ಹೆದ್ದಾರಿ ಇಲಾಖೆ ಅಳೆಯದೆ ಬಿಟ್ಟ ಹಂಪನ್ನು ತಗ್ಗಣ್ಣ ತನ್ನ ಕಾರಿನ ಹೊಟ್ಟೆಯಿಂದ ಅಳೆದಿರುತ್ತಾನೆ.

‘ಅವನ ಕಾರು, ಅವನ ದುಡ್ಡು, ನಿಮಗೇನು?’ ಎಂಬುದು ಇನ್ನೊಂದು ಆಕ್ಷೇಪ. ಚೇಂಬರ್ ಒಡೆದು ತಿರುವಿನಲ್ಲಿ ಚೆಲ್ಲಿದ ಆಯಿಲ್ ಅವನೊಬ್ಬನದಲ್ಲ. ಹಿಂದೆ ಬರುವ ಬೈಕಿನವನದೂ ಹೌದು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ, ಕೇರಳದಿಂದ ಬಂದ ಪ್ರಕರಣದಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಚೇರಂಬಾಡಿಯಿಂದ ಚೋಲಾಡಿ ದಾಟಿದರೆ ಕೇರಳ. ಎರಡು ರಾಜ್ಯದ ಅಧಿಕಾರಿಗಳಿಗೂ ಬಗ್ಗಿ ನೋಡುವ ಅಗತ್ಯವಿಲ್ಲ, ಕಾರೇ ಬಗ್ಗಿ ನಿಂತಿರುತ್ತದೆ.

ನ್ಯಾಯಕ್ಕಾಗಿ ಒಂದು ಮಾತು ಹೇಳಿಬಿಡಬೇಕು. ಇವನನ್ನು ನೋಡಿ ನಗುವವರಲ್ಲಿ ಥಾರ್ ಕೊಂಡು, ಅದನ್ನು ಇನ್ನೂ ಎತ್ತರಿಸಿ, ದಪ್ಪ ಕಾಡು ಟೈರು ಹಾಕಿ, ಮಕ್ಕಳನ್ನು ಸ್ಕೂಲಿಗೆ ಬಿಡಲು ಮಾತ್ರ ಬಳಸುವವರೂ ಇದ್ದಾರೆ. ಆ ಎತ್ತಣ್ಣ ಈ ತಗ್ಗಣ್ಣನ ಒಡಹುಟ್ಟಿದವನೇ. ಚೇರಂಬಾಡಿಯ ಸುತ್ತ ಮನೆ ಒಡೆದು ಅಕ್ಕಿ ತಿನ್ನುತ್ತಿದ್ದ ‘ಬುಲೆಟ್’ ಆನೆಯನ್ನು ಅರಣ್ಯ ಇಲಾಖೆ ಹಿಡಿದದ್ದು 2024ರ ಡಿಸೆಂಬರ್‌ನಲ್ಲಿ. ಅಂಥ ಆನೆ ಎದುರಾದರೆ ಇಬ್ಬರೂ ರಿವರ್ಸ್ ಹಾಕಲೇಬೇಕು. ವ್ಯತ್ಯಾಸವೆಂದರೆ ಎತ್ತಣ್ಣ ಹಿಂದಿನ ಹಂಪನ್ನು ನೋಡದೆ ಹತ್ತುತ್ತಾನೆ, ತಗ್ಗಣ್ಣನಿಗೆ ಅದು ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತು.

ಆದ್ದರಿಂದ ಹೆದ್ದಾರಿ ಇಲಾಖೆಯವರಲ್ಲಿ ಒಂದು ವಿನಂತಿ: ಹಂಪಿಗೆ 3.7 ಮೀಟರ್ ಅಗಲ ಕೊಡಿ, ಎಲ್ಲೆಲ್ಲಿ ಕೊಟ್ಟಿಲ್ಲವೆಂದು ತಿಳಿಯಬೇಕಾದರೆ ಇವನನ್ನು ಕೇಳಿ. ತಗ್ಗಣ್ಣಾ, ನಿನಗೂ ಒಂದು ಮಾತು. ಸ್ಪ್ರಿಂಗಿಗೆ ಗರಗಸ ಹಾಕಬೇಡ. ದೊಡ್ಡ ಅಲಾಯ್ ಬೇಕೇಬೇಕು ಎಂದಾದರೆ ಹದಿನಾರು ಇಂಚಿಗೆ ನಿಲ್ಲಿಸು. ದುಡ್ಡು ಎಣಿಸುವ ಮೊದಲು ನಾಲ್ವರು ಗೆಳೆಯರನ್ನು ಒಳಗೆ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಉಜ್ಜುತ್ತದೋ ಎಂದು ಆಮೇಲೆ ಕೇಳು.