ಶೂರಪ್ಪನವರ ಶುಭಾರಂಭಗಳು

ಹೊಸ ಉತ್ಸಾಹ ಹುಟ್ಟಿದ ಮನುಷ್ಯನಿಗೆ ಚಿಕ್ಕಪೇಟೆಯ ಸುತ್ತಮುತ್ತ ಇರುವಷ್ಟು ಅನುಕೂಲ ಬೇರೆಲ್ಲೂ ಇಲ್ಲ. ದಿನಚರಿ ಬರೆಯಬೇಕೆನಿಸಿದರೆ ಅವೆನ್ಯೂ ರಸ್ತೆಯಲ್ಲಿ ಡೈರಿ. ಸಂಸ್ಕೃತ ಕಲಿಯೋಣವೆಂದರೆ ಅಲ್ಲೇ ಹಳೇ ಪುಸ್ತಕ. ಸಂಗೀತದ ಹುಚ್ಚು ಹತ್ತಿದರೆ ಬಳೇಪೇಟೆಯಲ್ಲಿ ಕೊಳಲಿನಿಂದ ವೀಣೆಯವರೆಗೆ ಸಕಲ ವಾದ್ಯ. 2017ರಿಂದ ಮೆಟ್ರೊ ಕೂಡ ಪೇಟೆಯ ಅಡಿಗೇ ಬಂದು ನಿಲ್ಲುವುದರಿಂದ, ಉತ್ಸಾಹ ದಾರಿಯಲ್ಲೇ ಆರಿಹೋಗುವ ಭಯವಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಿಂದ ಹೀಗೆ ಚೀಲ ಹಿಡಿದು ಬರುವ ಒಂದು ಬಗೆಯ ಗಿರಾಕಿಯನ್ನು ಹಿರಿಯರು ಆರಂಭಶೂರ ಎಂದು ಕರೆದಿದ್ದಾರೆ. ಬೀದಿಗೊಬ್ಬರಂತೆ ಇರುವ ಇವರಲ್ಲಿ ಯಾರ ಮನಸ್ಸೂ ನೋಯಬಾರದು. ಆದ್ದರಿಂದ ಎಲ್ಲರಿಗೂ ಸೇರಿಸಿ ಶೂರಪ್ಪನವರು ಎಂದು ಹೆಸರಿಡೋಣ.

ಶೂರಪ್ಪನವರಿಗೆ ವಯಸ್ಸು ಐವತ್ತರ ಆಚೀಚೆ. ಮೊಬೈಲಿನ ತುಂಬ ಸ್ಫೂರ್ತಿಯ ಭಾಷಣಗಳು. ರಾತ್ರಿ ಒಂದು ಭಾಷಣ ಕೇಳಿದರೆ ಸಾಕು, ಬೆಳಗಾಗುವಷ್ಟರಲ್ಲಿ ಬೇರೆ ಮನುಷ್ಯ. ಹಿಂದಿನ ಕಾಲದಲ್ಲಿ ಹರಿಕಥೆ ಮುಗಿಸಿ ಚಪ್ಪಲಿ ಹುಡುಕುವವರೆಗೆ ಇರುತ್ತಿದ್ದ ಪುರಾಣ ವೈರಾಗ್ಯ ಈಗ ಚಾರ್ಜ್ ಇರುವವರೆಗೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ಕೊಳಲಿನ ಪ್ರಕರಣ ನಡೆದದ್ದೂ ಹಾಗೆಯೇ.

ಬಳೇಪೇಟೆಯ ಅಂಗಡಿಯವರು ಕೊಳಲಿನ ಕಟ್ಟು ಬಿಚ್ಚುತ್ತಾ, “ಎಷ್ಟು ಮನೆ ಕೊಡ್ಲಿ ಸಾರ್?” ಎಂದು ಶ್ರುತಿ ಕೇಳಿದರು. “ಇರೋದು ಒಂದೇ ಮನೆ ಕಣ್ರೀ, ಅದರ ಸಾಲಾನೇ ತೀರಿಲ್ಲ” ಎಂದರು ಶೂರಪ್ಪನವರು. ಇಂಥವರನ್ನು ದಿನಾ ನೋಡುವ ಅಂಗಡಿಯವರು ನಗಲಿಲ್ಲ. ಐದು ಮನೆ ಶ್ರುತಿಯ ಕೊಳಲೊಂದನ್ನು ತೆಗೆದು, ಒರೆಸಿ, ತಾವೇ ಒಮ್ಮೆ ನುಡಿಸಿ ಕೈಗಿತ್ತರು. ಅವರು ನುಡಿಸಿದಾಗ ಬಂದ ನಾದ ಆಮೇಲೆ ಆ ಕೊಳಲಿನಿಂದ ಎಂದೂ ಬರಲಿಲ್ಲ.

ಮೊದಲ ವಾರ ಬೆಳಗಿನ ಐದಕ್ಕೇ ಎದ್ದು ಊದಿದರು, ಬಂದದ್ದು ಗಾಳಿ. ಎರಡನೇ ವಾರ ಸ್ವರ ಬಂತು. ಮಾಯಾಮಾಳವಗೌಳದ ಸರಳೆ ವರಸೆ ಶುರುವಾಯಿತು. ಜಂಟಿ ವರಸೆಯ ಹೊತ್ತಿಗೆ ಮೊದಲು ಶೀತ ಬಂತು, ಆಮೇಲೆ ನೆಂಟರು ಬಂದರು, ಆಮೇಲೆ ಕ್ರಿಕೆಟ್ ಬಂತು. “ರೀ, ಇದನ್ನ ಡೈರಿ ಪಕ್ಕ ಇಡ್ಲಾ, ಯೋಗದ ಚಾಪೆ ಪಕ್ಕ ಇಡ್ಲಾ?” ಎಂದು ಹೆಂಡತಿ ಅಟ್ಟದ ಏಣಿಯ ಮೇಲಿಂದ ಕೇಳಿದರು.

ಬೆಳಗಿನ ವಾಕಿಂಗು ಮಾತ್ರ ತಕ್ಕಮಟ್ಟಿಗೆ ಉಳಿದುಕೊಂಡಿದೆ. 240 ಎಕರೆಯ ಲಾಲ್‌ಬಾಗಿನಲ್ಲಿ ಅವರು ಎಷ್ಟು ನಡೆಯುತ್ತಾರೆಂಬುದು ವಿವಾದದ ವಿಷಯ. ಆದರೆ ನಡಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆಯ ಮುಂದೆ ಮುಗಿಯುತ್ತದೆ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಶೂರಪ್ಪನವರ ಆರೋಗ್ಯಕ್ಕೂ ಅಂದು ರಜೆ.

ಅವರನ್ನು ಸೋಮಾರಿ ಎನ್ನುವುದು ತಪ್ಪು. ಆರಂಭ ಮಾಡುವುದರಲ್ಲಿ ಅವರಷ್ಟು ಶ್ರಮಜೀವಿ ಇನ್ನೊಬ್ಬರಿಲ್ಲ. ವಾರದ, ತಿಂಗಳ, ವರ್ಷದ ಮೊದಲಲ್ಲಿ ಜನ ಜಿಮ್‌ಗೆ ಹೋಗುವುದೂ ಡಯಟ್ ಬಗ್ಗೆ ಗೂಗಲ್‌ನಲ್ಲಿ ಹುಡುಕುವುದೂ ಹೆಚ್ಚುತ್ತದೆಂದು 2014ರಲ್ಲಿ ಅಮೆರಿಕದ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಮೂವರು ಸಂಶೋಧಕರು ತೋರಿಸಿಕೊಟ್ಟರು. ಪಾಪ, ಅವರು ಪಂಚಾಂಗ ನೋಡಿದವರಲ್ಲ. ಶೂರಪ್ಪನವರಿಗೆ ಜನವರಿ ಒಂದು ತಪ್ಪಿದರೆ ಸಂಕ್ರಾಂತಿ, ಅದು ತಪ್ಪಿದರೆ ಯುಗಾದಿ, ಆಮೇಲೆ ಅಕ್ಷಯ ತದಿಗೆ, ಗೌರಿ ಗಣೇಶ, ವಿಜಯದಶಮಿ, ದೀಪಾವಳಿ. ನಡುವೆ ಆಷಾಢದಲ್ಲಿ ಹೊಸದೇನನ್ನೂ ಆರಂಭಿಸಬಾರದೆಂಬ ಶಾಸ್ತ್ರವಿರುವುದರಿಂದ ಒಂದು ತಿಂಗಳು ವಿಶ್ರಾಂತಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನವೊಂದಿದೆ. ಒಂದೊಂದು ಹೊಸ ಅಭ್ಯಾಸ ಆರಿಸಿಕೊಂಡು, ದಿನಾ ಅದೇ ಸಂದರ್ಭದಲ್ಲಿ, ಅಂದರೆ ತಿಂಡಿ ಆದ ಮೇಲೋ ಊಟಕ್ಕೆ ಮುಂಚೆಯೋ, ಮಾಡುತ್ತಾ ಹೋಗಬೇಕು. ಅದು ತಾನಾಗಿ ರೂಢಿಯಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ, ಇನ್ನು ಕೆಲವರಿಗೆ 254ರವರೆಗೂ ಬೇಕೆಂಬ ಅಂದಾಜು ಬಂತು. 21 ದಿನದಲ್ಲಿ ಬದುಕು ಬದಲಾಯಿಸುತ್ತೇವೆನ್ನುವ ಭಾಷಣಕಾರರಿಗೆ ಇದು ಕಹಿ ಸುದ್ದಿ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಶೂರಪ್ಪನವರು ಅದರಲ್ಲಿ ಓದಿ ನೆನಪಿಟ್ಟುಕೊಂಡದ್ದು ಈ ಒಂದೇ ವಾಕ್ಯ. ದಿನಕ್ಕೊಂದು ದಿನದಂತೆ ತಪ್ಪಿಸುತ್ತಿದ್ದಾರೆ.

ಅವರು ಉತ್ಸಾಹಕ್ಕಾಗಿ ಕಾಯುತ್ತಾರೆ. ಅವರಿಗೆ ಸಾಮಾನು ಮಾರುವ ಚಿಕ್ಕಪೇಟೆ ಕಾಯುವುದಿಲ್ಲ. ಬೆಳಿಗ್ಗೆ ಷಟರ್ ಎತ್ತಿ, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಗಡಿ ಮುಂದೆ ನೀರು ಚಿಮುಕಿಸಿ, ಲಕ್ಷ್ಮಿಯ ಪಟಕ್ಕೆ ಊದಿನಕಡ್ಡಿ ಹಚ್ಚಿ, ಬೋಣಿಗೆಂದು ಬೀದಿ ನೋಡುತ್ತಾ ಕೂರುವ ಸೀರೆ ವ್ಯಾಪಾರಿಯನ್ನು “ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?” ಎಂದು ಕೇಳಿದರೆ ಬಾಡಿಗೆಯ ಚೀಟಿ ತೋರಿಸಿಯಾನು.

ದೊಡ್ಡ ಕೆಲಸಗಳೂ ಹೀಗೆ ದಿನದ ವಾಡಿಕೆಯಲ್ಲೇ ಆಗಿವೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂದದ್ದು 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಆ ನಡುವೆ ವರ್ಷಗಟ್ಟಲೆ ಅವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆಯನ್ನೂ ಹೊತ್ತಿದ್ದರು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರದು. ಎಂಟನೆಯದು ಹೊರಬಂದು ಕೆಲಸ ಮುಗಿದದ್ದು 1995ರಲ್ಲಿ. ‘ಅ’ಕಾರದ ಹುರುಪು ‘ಳ’ಕಾರದವರೆಗೆ ಯಾರಲ್ಲೂ ಉಳಿಯುವಂಥದ್ದಲ್ಲ. ಅಲ್ಲಿ ಉಳಿದದ್ದು ಸಂಪಾದಕ ಸಮಿತಿ, ಚೀಟಿಗಳು ಮತ್ತು ಪಕ್ಕದ ಕುರ್ಚಿಯಲ್ಲಿ ಕಾಯುವ ಸಹೋದ್ಯೋಗಿ.

ಶೂರಪ್ಪನವರ ಮನೆಯಲ್ಲೂ ಇದಕ್ಕೆ ಸಾಕ್ಷಿಯಿದೆ. ಅಟ್ಟದ ಮೇಲಿನ ಆ ಡೈರಿಯಲ್ಲಿ ಜನವರಿ ಒಂದರ ಪುಟ ಭರ್ತಿ, ನಾಲ್ಕರಂದು ಅರ್ಧ ಪುಟ, ಏಳರಂದು ‘ವಿಶೇಷವೇನಿಲ್ಲ.’ ಅಲ್ಲಿಂದಾಚೆಗೆ ಅಕ್ಷರ ಹೆಂಡತಿಯದು: ಹಾಲು ಒಂದು ಲೀಟರು, ಇಸ್ತ್ರಿ ಎಂಟು ಬಟ್ಟೆ. ಡಿಸೆಂಬರ್ 31ರವರೆಗೆ ಒಂದು ದಿನವೂ ಬಿಟ್ಟಿಲ್ಲ. ತಿಂಗಳ ಕೊನೆಗೆ ಹಾಲಿನವನಿಗೆ ಲೆಕ್ಕ ಕೊಡಬೇಕಲ್ಲ!

ಓದುಗರಲ್ಲಿ ಯಾರಿಗಾದರೂ ಐದು ಮನೆ ಶ್ರುತಿಯ, ಹೆಚ್ಚು ಬಳಸದ ಕೊಳಲು ಬೇಕಿದ್ದರೆ ಶೂರಪ್ಪನವರನ್ನು ವಿಜಯದಶಮಿಗೆ ಮೊದಲೇ ಕೇಳಿ. ಆಮೇಲೆ ಅವರು ಮತ್ತೆ ಆರಂಭಿಸಿಬಿಡುತ್ತಾರೆ.